ಪದಚರ್ಚೆ: ‘ಕೋಶ’, ‘ತೆಗೆ’, ‘ಸಮ್ಮತಿ’ – ಕ್ಯಾನ್ಸರ್ ಸಂಶೋಧನೆಯ ಒಪ್ಪಿಗೆ ಪತ್ರಕ್ಕೆ ಕಲಬುರಗಿ ಕಡೆಯ ಮಾತು ಬೇಕಾಗಿದೆ

ಬಳಗದವರಿಗೆ ನಮಸ್ಕಾರ.

ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಮತ್ತು ಬಾಯಿ ಕ್ಯಾನ್ಸರ್ ಸಂಶೋಧನೆಯಲ್ಲಿ ಬಳಸುವ ಮಾಹಿತಿ ಹಾಳೆ ಮತ್ತು ಒಪ್ಪಿಗೆ ಪತ್ರದ ಕನ್ನಡದ ಬಗ್ಗೆ ಈ ಪ್ರಶ್ನೆ. ಓದುವವರು, ಅಥವಾ ಓದಿಸಿ ಕೇಳುವವರು, ಚಿಂಚೋಳಿ, ಚಿತ್ತಾಪುರ, ಶಹಾಪುರ, ಔರಾದ್ ಕಡೆಯ ತಾಂಡಾ ಮತ್ತು ಕೇರಿಗಳ ಹೆಣ್ಣುಮಕ್ಕಳು. ಪುಸ್ತಕದ ಕನ್ನಡ ಅಲ್ಲಿ ಕಷ್ಟ ಎನ್ನುವುದು ಹಳೆಯ ಮಾತು. ಅರ್ಥವಾಗದ ಪದವಾದರೆ ಕೇಳಿ ತಿಳಿದುಕೊಳ್ಳುತ್ತಾರೆ. ಬೇರೆ ಅರ್ಥ ಕೊಡುವ ಪದವನ್ನು ಯಾರೂ ಕೇಳುವುದಿಲ್ಲ, ತೊಂದರೆ ಇರುವುದು ಅಲ್ಲೇ.

ಎಚ್‌ಪಿವಿ (ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಪರೀಕ್ಷೆಯ ಹಾಳೆಗಳಲ್ಲಿ ಸಾಮಾನ್ಯವಾಗಿ ಬರುವ ರೀತಿಯ ವಾಕ್ಯ ಇದು: ‘ನಿಮ್ಮ ಗರ್ಭಕೋಶದ ಬಾಯಿಯಿಂದ ಕೆಲವು ಕೋಶಗಳನ್ನು ತೆಗೆದು ಪರೀಕ್ಷೆಗೆ ಕಳುಹಿಸಲಾಗುವುದು.’ ವ್ಯಾಕರಣ ಸರಿ, ವಿಜ್ಞಾನವೂ ಸರಿ. ಆದರೆ ಇಲ್ಲಿ ‘ಕೋಶ’ ಎರಡು ಸಲ ಬಂದಿದೆ, ಎರಡು ಬೇರೆ ಅರ್ಥದಲ್ಲಿ: ಮೊದಲು ಅಂಗ, ಆಮೇಲೆ ಜೀವಕೋಶ. ಕೇಳುವವರ ಕಿವಿಗೆ ಬೀಳುವುದು ‘ಗರ್ಭಕೋಶ... ತೆಗೆದು...’ ಅಷ್ಟೇ. ಕಲಬುರಗಿ ಜಿಲ್ಲೆಯಲ್ಲಿ ಇದು ಬರೀ ಭಾಷೆಯ ಎಡವಟ್ಟಲ್ಲ. ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಇಲ್ಲಿ 2015ರ ಸುಮಾರಿಗೆ ಬೆಳಕಿಗೆ ಬಂದವು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು. ಹೊಟ್ಟೆನೋವು, ಬಿಳಿ ಹೋಗುವುದು ಎಂದು ದವಾಖಾನೆಗೆ ಹೋದವರಿಗೆ ‘ಚೀಲ (ಗರ್ಭಕೋಶ) ತೆಗಸದಿದ್ದರ ಕ್ಯಾನ್ಸರ್ ಆಗ್ತದ’ ಎಂದು ಹೆದರಿಸಿದ್ದರ ವರದಿಗಳು ಆಗ ಪತ್ರಿಕೆಗಳಲ್ಲೂ ಬಂದಿದ್ದವು, ಹೋರಾಟಗಳೂ ನಡೆದವು. ಅದೇ ಊರುಗಳಲ್ಲಿ ‘ಕ್ಯಾನ್ಸರ್’, ‘ಗರ್ಭಕೋಶ’, ‘ತೆಗೆ’ ಮೂರನ್ನೂ ಒಂದೇ ವಾಕ್ಯದಲ್ಲಿ ಕೂರಿಸಿದರೆ ಎದ್ದು ಹೋಗುವವರದ್ದು ತಪ್ಪಲ್ಲ.

ಹಿಮ್ಮುಖ ಅನುವಾದದಲ್ಲಿ ಈ ದೋಷ ಸಿಗುವುದಿಲ್ಲ. ಕನ್ನಡ ಪಾಠವನ್ನು ಇಂಗ್ಲಿಷಿಗೆ ಮರಳಿ ತರುವವರು ವಿಜ್ಞಾನ ಓದಿದವರು. ‘ಕೋಶ’ ಕಂಡರೆ ಅವರಿಗೆ ಹೊಳೆಯುವುದು ಜೀವಕೋಶವೇ. ನೈತಿಕ ಸಮಿತಿಯ ಮುಂದೆ ಎರಡೂ ಪಾಠ ಹೊಂದುತ್ತವೆ, ಮುದ್ರೆ ಬೀಳುತ್ತದೆ. ಸಂಶೋಧನೆಗೆ ಸೇರದ ಐದಾರು ಹೆಣ್ಣುಮಕ್ಕಳಿಗೆ ಹಾಳೆಯನ್ನು ಗಟ್ಟಿಯಾಗಿ ಓದಿ, ‘ಈಗ ನಿಮಗ ಏನು ಮಾಡ್ತಾರ, ನೀವೇ ಹೇಳ್ರಿ’ ಎಂದು ತಿರುಗಿ ಹೇಳಿಸಿದರೆ ಮಾತ್ರ ತಪ್ಪು ಹೊರಬೀಳುತ್ತದೆ. ‘ತಿಳೀತಾ?’ ಎಂದು ಕೇಳಿದರೆ ‘ಹೂಂ ರೀ’ ಎನ್ನುತ್ತಾರೆ, ಅದು ಉತ್ತರವಲ್ಲ.

ಸದ್ಯದ ಕರಡು ಹೀಗಿದೆ: ‘ಸಣ್ಣ ಬ್ರಷ್‌ನಿಂದ ಒಳಗಿನ ಲೋಳಿ ಸವರಿ ಡಬ್ಬಿಯೊಳಗ ಹಾಕ್ತಾರ. ಏನೂ ಕೊಯ್ಯೋದಿಲ್ಲ. ಚೀಲಕ್ಕ ಕೈ ಹಚ್ಚೋದಿಲ್ಲ.’ ‘ಲೋಳಿ’ ಸರಿಯೇ, ಬೇರೆ ಮಾತಿದೆಯೇ? ‘ಮಾದರಿ’ ಬಿಟ್ಟಿದ್ದೇವೆ, ಇಲ್ಲಿ ಅದು ಮಾದರಿ ಶಾಲೆಗೆ ಅಂಟಿಕೊಂಡ ಪದ. ಅಂದ ಹಾಗೆ, ಪ್ರಶ್ನಾವಳಿಯ ಮೊದಲಲ್ಲೇ ‘ಚೀಲ ತಗಸ್ಯಾರೇನು?’ ಎಂದು ಕೇಳಬೇಕು. ಪೂರ್ತಿ ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಗರ್ಭಕೊರಳೂ ಇರುವುದಿಲ್ಲ, ಈ ತಪಾಸಣೆ ಅವರಿಗೆ ಅನ್ವಯಿಸದು.

ಎರಡನೆಯದು ‘ಸಮ್ಮತಿ ಪತ್ರ’. ಆಪರೇಷನ್ನಿಗೆ ಮುಂಚೆ ‘ಏನಾದರೂ ಆದರೆ ನಾವೇ ಜವಾಬ್ದಾರರು’ ಎಂದು ಮನೆಯವರಿಂದ ಸಹಿ ಮಾಡಿಸಿಕೊಳ್ಳುವ ಕಾಗದಕ್ಕೂ ಜನ ಬಳಸುವುದು ಅದೇ ಹೆಸರು. ಸಂಶೋಧನೆಯ ಪತ್ರ ಅದಕ್ಕೆ ತದ್ವಿರುದ್ಧ: ಬೇಡವೆನ್ನಬಹುದು, ನಡುವೆ ಬಿಡಬಹುದು, ಬಿಟ್ಟರೂ ಚಿಕಿತ್ಸೆ ನಿಲ್ಲುವುದಿಲ್ಲ. ಹೀಗಾಗಿ ‘ಒಪ್ಪಿಗೆ ಪತ್ರ’ ಮೇಲು. ‘ಕಬೂಲಿ’ ಚೆನ್ನಾಗಿ ತಿಳಿಯುತ್ತದೆ, ಆದರೆ ತಪ್ಪು ಒಪ್ಪಿಕೊಳ್ಳುವುದಕ್ಕೂ ಅದೇ ಪದ.

ಇದರ ಜೊತೆಗೆ ‘ಅನುಮತಿ’ಯನ್ನು ಬೇರೆಯಾಗಿಯೇ ಇಡಬೇಕು. ತಾಂಡಾಕ್ಕೆ ಹೋಗುವ ಮೊದಲು ಅಲ್ಲಿನ ಮುಖಂಡರಾದ ನಾಯಕ, ಕಾರಭಾರಿ ಜೊತೆ ಮಾತಾಡುವುದು ರೂಢಿ, ಅದು ಅನುಮತಿ. ಹೆಣ್ಣುಮಗಳು ಕೊಡುವುದು ಒಪ್ಪಿಗೆ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಮುಖಂಡರ ಅನುಮತಿ ವ್ಯಕ್ತಿಯ ಒಪ್ಪಿಗೆಗೆ ಬದಲಿಯಾಗದು. ಓದು ಬರದವರು ಹೆಬ್ಬೆಟ್ಟು ಒತ್ತುವಾಗ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಇರಬೇಕು. ಎರಡಕ್ಕೂ ‘ಒಪ್ಪಿಗೆ’ ಎಂದೇ ಬರೆದರೆ ‘ನಾಯಕರು ಒಪ್ಪ್ಯಾರ’ ಎಂಬಲ್ಲಿಗೆ ಮಾತು ಮುಗಿಯುತ್ತದೆ.

‘ರ‍್ಯಾಂಡಮ್’ ಎನ್ನುವುದಕ್ಕೆ ‘ಯಾದೃಚ್ಛಿಕ’ ಎಂದು ಬರೆಯುವವರಿಗೆ ಏನು ಹೇಳುವುದು! ‘ಚೀಟಿ ಎತ್ತಿ ಆರಿಸುವುದು’ ಸಾಕು. ಹೊಸ ಪರೀಕ್ಷೆ ಕೊಡದೆ ಹೋಲಿಸಿ ನೋಡಲು ಇಡುವ ಗುಂಪಿಗೆ ‘ನಿಯಂತ್ರಣ ಗುಂಪು’ ಎಂದರೆ ಸಂತಾನ ನಿಯಂತ್ರಣ ನೆನಪಾಗುತ್ತದೆ, ‘ಹೋಲಿಕೆ ಗುಂಪು’ ಇರಲಿ. ಈ ಪದ ಸಣ್ಣದಲ್ಲ. ನೆರೆಯ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗ ಧಾರಾಶಿವ) ಊರುಗಳ 52 ಗುಂಪು ಮಾಡಿ ಸುಮಾರು 1,31,000 ಹೆಣ್ಣುಮಕ್ಕಳ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2009ರಲ್ಲಿ ಬಂತು. ಒಂದೇ ಸಲದ ಎಚ್‌ಪಿವಿ ಪರೀಕ್ಷೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಸಾವು ಅರ್ಧದಷ್ಟು ಇಳಿದಿತ್ತು. ಆದರೆ ಒಂದು ಗುಂಪಿಗೆ ತಪಾಸಣೆಯೇ ಇರಲಿಲ್ಲ, ಅದರ ಬಗ್ಗೆ ಆಮೇಲೆ ದೊಡ್ಡ ತಕರಾರು ಎದ್ದಿತು. ‘ನಿಮ್ಮ ಊರಿಗೆ ಈ ಪರೀಕ್ಷೆ ಸಿಗದೇ ಇರಬಹುದು’ ಎಂದು ನೇರವಾಗಿ ಬರೆಯುವ ಬದಲು ‘ನಿಯಂತ್ರಣ ಗುಂಪು’ ಎಂದು ಬರೆದರೆ ಆ ಸಂಗತಿಯೇ ಅಡಗಿಹೋಗುತ್ತದೆ.

‘ಪಾಸಿಟಿವ್’ಗೆ ‘ಸಕಾರಾತ್ಮಕ’ ಬೇಡವೇ ಬೇಡ, ಒಳ್ಳೆಯ ಸುದ್ದಿ ಎಂದಾಗುತ್ತದೆ. ಗರ್ಭಕೊರಳಿಗೆ 3ರಿಂದ 5 ಪ್ರತಿಶತ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುವ ಪರೀಕ್ಷೆಯಲ್ಲಿ ‘ಆಮ್ಲ’, ‘ಆ್ಯಸಿಡ್’ ಎರಡೂ ಹೆದರಿಸುತ್ತವೆ. ಉರ್ದು ಬಲ್ಲವರಿಗೆ ‘ಸಿರ್ಕಾ’ (ವಿನೆಗರ್) ಗೊತ್ತು, ಉಳಿದವರಿಗೆ? ‘ಬೆಳ್ಳಗಾದರ ಕ್ಯಾನ್ಸರ್ ಅಂತಲ್ಲ, ಇನ್ನೊಮ್ಮಿ ನೋಡಬೇಕು ಅಂತ’ ಎಂಬ ಸಾಲು ಅದರ ಪಕ್ಕದಲ್ಲೇ ಇರಬೇಕು.

ಬಾಯಿ ಕ್ಯಾನ್ಸರಿನ ಪ್ರಶ್ನಾವಳಿಯಲ್ಲಿ ‘ತಂಬಾಕು ಸೇವಿಸುತ್ತೀರಾ?’ ಎಂದರೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ತಿಕ್ಕುವವರು ‘ಇಲ್ಲ’ ಎನ್ನುತ್ತಾರೆ, ಅದು ಅವರಿಗೆ ಹಲ್ಲುಪುಡಿ. ಗುಟಕಾ, ಮಿಶ್ರಿ, ಸುಣ್ಣ-ತಂಬಾಕು ಎಂದು ಒಂದೊಂದಾಗಿ ಹೆಸರು ಹಿಡಿದು ಕೇಳಬೇಕು.

ಇನ್ನು ಜನರನ್ನು ಕರೆಯುವ ಪದ. ‘ಮೂಲನಿವಾಸಿ’ಗೆ ರಾಜಕೀಯದ ಬಣ್ಣವಿದೆ. ‘ಬುಡಕಟ್ಟು’ ಎಂದರೆ ಲೆಕ್ಕವೇ ತಪ್ಪುತ್ತದೆ: ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಗಡಿ ದಾಟಿ ತೆಲಂಗಾಣಕ್ಕೆ ಹೋದರೆ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಸಮುದಾಯದ ಹೆಸರು, ಊರಿನ ಹೆಸರು ಬರೆದರೆ ಸಾಕು ಅನಿಸುತ್ತದೆ. ‘ಹಿಂದುಳಿದವರು’ ಎನ್ನುವುದಕ್ಕಿಂತ ‘ದವಾಖಾನಿ ದೂರ ಇರೋ ಊರುಗಳು’ ವಾಸಿ. ‘6 ತಿಂಗಳ ನಂತರ ಅನುಸರಣೆ’ ಎಂಬುದನ್ನೂ ತಿದ್ದಬೇಕು. ಕಬ್ಬು ಕಡಿಯಲು ಗುಳೆ ಹೋದವರು ಆಗ ಊರಲ್ಲಿ ಇರದೇ ಇರಬಹುದು. ‘ಯುಗಾದಿಗೆ ಊರಿಗಿ ಬಂದಾಗ ಮತ್ತೊಮ್ಮಿ’ ಎಂದರೆ ಯಾವ ದಿನ ಎಂಬುದೂ ನೆನಪಿರುತ್ತದೆ.

ಬೇಕಾಗಿರುವುದು ಇಷ್ಟು: ‘ಒಪ್ಪಿಗೆ’, ‘ಅನುಮತಿ’, ‘ನಡುವೆ ಬಿಡಬಹುದು’ ಇವಕ್ಕೆ ಗೋರ್ ಬೋಲಿ (ಲಂಬಾಣಿಗರ ಮಾತು) ಮತ್ತು ದಖನಿಯಲ್ಲಿ (ಈ ಕಡೆಯ ಉರ್ದು) ಮನೆಯೊಳಗೆ ಆಡುವ ಮಾತು. ಗೋರ್ ಬೋಲಿಯನ್ನು ಕನ್ನಡ ಲಿಪಿಯಲ್ಲೇ ಬರೆಯಿರಿ, ಧ್ವನಿ ಮುದ್ರಿಸಿ ಕಳಿಸಿದರೆ ಇನ್ನೂ ಒಳ್ಳೆಯದು. ಯಾವ ತಾಲ್ಲೂಕಿನ ಮಾತು, ಹೆಂಗಸರು ಆಡುವುದೋ ಗಂಡಸರು ಆಡುವುದೋ ಎಂಬುದನ್ನೂ ತಿಳಿಸಿ. ಮುಟ್ಟು, ಚೀಲ, ಬಿಳಿ ಹೋಗುವುದು ಇವುಗಳಿಗೆ ಎರಡೂ ಕಡೆ ಬೇರೆ ಬೇರೆ ಪದಗಳಿವೆ.