ಲೆಗೋ ಮೆಟ್ರೋಗೆ ಮುಂದೆ ಬಿಳಿ ಹಿಂದೆ ಕೆಂಪು ಲೈಟ್: ಒರಿಜಿನಲ್ ವೈರ್ ಕತ್ತರಿಸ್ಲಾ ಬೇಡ್ವಾ?

ನೇರಳೆ_ಮಾರ್ಗ: ಮಗಳ ಜೊತೆ ನಮ್ಮ ಮೆಟ್ರೋ ರೈಲನ್ನ ಲೆಗೋದಲ್ಲಿ ಕಟ್ತಿದೀನಿ. ಕೊನೆ ಸ್ಟೇಷನ್ ಚಲ್ಲಘಟ್ಟದಲ್ಲಿ ರೈಲು ತಿರುಗಲ್ಲ, ಡ್ರೈವರ್ ಆ ತುದಿಗೆ ಹೋಗ್ತಾರೆ, ಆಗ ಬಿಳಿ ಇದ್ದ ಕಡೆ ಕೆಂಪು ಬರುತ್ತೆ, ನಮ್ಗೂ ಹಂಗೇ ಬೇಕು. ಪವರ್ ಫಂಕ್ಷನ್ಸ್ (ಲೆಗೋದ ಮೋಟರ್, ಲೈಟ್ ಸಾಮಾನು) 8870 ಲೈಟಲ್ಲಿ ಎರಡು ಎಲ್‌ಇಡಿ ಇದೆ, ಆದ್ರೆ ಎರಡೂ ಒಟ್ಟಿಗೇ ಹತ್ತುತ್ತೆ ಒಟ್ಟಿಗೇ ಆರುತ್ತೆ. ಬಿಚ್ಚಿ ಬೇರೆ ಬೇರೆ ಮಾಡ್ಲಾ?

ಇಟ್ಟಿಗೆ_ಗೂಡು: ದಯವಿಟ್ಟು 8870 ಕತ್ತರಿಸ್ಬೇಡಿ ಸಾರ್, ಪವರ್ ಫಂಕ್ಷನ್ಸ್ ಈಗ ಕಂಪನಿಯವರು ಮಾಡ್ತಾನೇ ಇಲ್ಲ. 8886 ಎಕ್ಸ್‌ಟೆನ್ಶನ್ ವೈರ್ ಅಂತ 20 ಸೆಂಟಿಮೀಟರಿಂದು ಬರುತ್ತೆ, ಕತ್ತರಿಸೋದಾದ್ರೆ ಅದನ್ನ ಕತ್ತರಿಸಿ ನಿಮ್ಮದೇ ಎಲ್‌ಇಡಿ ಹಾಕಿ.

ಬೆಸುಗೆ_ಮಂಜ: ಸರಿಯಾಗಿ ಹೇಳಿದ್ರಿ. ಆ ವೈರಲ್ಲಿ ನಾಲ್ಕು ಎಳೆ, ಹೊರಗಿನ ಎರಡರಲ್ಲಿ ಯಾವಾಗ್ಲೂ 0 ಮತ್ತು 9 ವೋಲ್ಟ್ ಇರುತ್ತೆ, ಒಳಗಿನ ಎರಡು, ಸಿ1 ಸಿ2 ಅನ್ನೋವು, ಮೋಟರ್ ದಿಕ್ಕಿನ ಪ್ರಕಾರ ಪ್ಲಸ್ ಮೈನಸ್ ಅದಲುಬದಲಾಗುತ್ತೆ. ಪ್ರತಿ ತುದಿಗೆ ಒಂದು ಬಿಳಿ ಒಂದು ಕೆಂಪು ಎಲ್‌ಇಡಿ ತಗೊಂಡು ಉಲ್ಟಾಪಲ್ಟಾ ಜೋಡಿ ಮಾಡಿ, ಅಂದ್ರೆ ಇದರ ಉದ್ದ ಕಾಲು (ಪ್ಲಸ್) ಅದರ ಗಿಡ್ಡ ಕಾಲಿಗೆ (ಮೈನಸ್). ಎರಡು ತುದಿಯ ಜೋಡಿನೂ ಸೀರೀಸಲ್ಲಿ, ಅಂದ್ರೆ ಒಂದರ ಹಿಂದೆ ಒಂದು ಹಾಕಿ, ಮುಂದಿನ ಬಿಳಿ ಹತ್ತುವಾಗ ಹಿಂದಿನ ಕೆಂಪು ಹತ್ತೋ ಹಾಗೆ. ಬಿಳಿಗೆ 3 ವೋಲ್ಟ್, ಕೆಂಪಿಗೆ 2, ಉಳಿದ 4 ವೋಲ್ಟಿಗೆ ಒಂದೇ ಒಂದು 220 ಓಮ್ ರೆಸಿಸ್ಟರ್ ಸಾಕು, 18 ಮಿಲಿಆಂಪ್ ಬರುತ್ತೆ. ಚಾರ್ಜಬಲ್ ಸೆಲ್ ಹಾಕಿದ್ರೆ ಒಟ್ಟು 7.2 ವೋಲ್ಟೇ ಸಿಗೋದು, 10 ಮಿಲಿಆಂಪಿಗೆ ಇಳಿಯುತ್ತೆ, ಆದ್ರೂ ಚೆನ್ನಾಗೇ ಕಾಣುತ್ತೆ.

ಕೋಡ್_ಕಾವೇರಿ: ಇಷ್ಟಕ್ಕೇ ಯಾಕೆ ನಿಲ್ಸ್ತೀರಾ? ಡಬ್ಲ್ಯೂಎಸ್2812ಬಿ (ಕೋಡಲ್ಲಿ ಬಣ್ಣ ಬದಲಿಸೋ ಎಲ್‌ಇಡಿ) ಹಾಕಿ, ಮೂರೇ ವೈರಲ್ಲಿ ಒಂದೊಂದು ಎಲ್‌ಇಡಿಗೂ ಬೇರೆ ಬಣ್ಣ, ಬಾಗಿಲು ತೆಗೆಯೋ ಲೈಟ್ ಕೂಡ ಮಾಡ್ಬಹುದು, ಮಗಳು ಕೋಡಿಂಗ್ ಕಲೀತಾಳೆ.

ಬೆಸುಗೆ_ಮಂಜ: ಕಲೀಲಿ ಮೇಡಂ, ಬೇಡ ಅನ್ನಲ್ಲ, ಆದ್ರೆ ಅದಕ್ಕೆ 5 ವೋಲ್ಟ್ ಬೇಕು, ಇಳಿಸೋಕೆ ಒಂದು ಬೋರ್ಡು, ಓಡ್ಸೋಕೆ ಇನ್ನೊಂದು ಬೋರ್ಡು, ಪೂರ್ತಿ ಬಿಳಿ ಹತ್ತಿದ್ರೆ ಒಂದೊಂದಕ್ಕೆ 60 ಮಿಲಿಆಂಪ್ ವರೆಗೂ ಎಳೆಯುತ್ತೆ, ಟ್ರಿಪಲ್ ಎ ಸೆಲ್ ಡಬ್ಬಿಯಲ್ಲಿ ಅದೇ ಕರೆಂಟಲ್ಲೇ ಮೋಟರೂ ಓಡ್ಬೇಕು. ದಿಕ್ಕು ನೋಡಿ ಹತ್ತೋ ಲೈಟಿಗೆ ಕೋಡೇ ಬೇಕಿಲ್ಲ, ಕರೆಂಟೇ ಆ ಕೆಲಸ ಮಾಡುತ್ತೆ.

ಕೋಡ್_ಕಾವೇರಿ: ಆದ್ರೆ ರೈಲು ಸ್ಟೇಷನ್ನಲ್ಲಿ ನಿಂತ ತಕ್ಷಣ ನಿಮ್ಮ ಲೈಟೂ ಆರುತ್ತಲ್ಲ? ನಿಧಾನ ಮಾಡಿದ್ರೆ ಮಂಕಾಗುತ್ತೆ. ನಿಜವಾದ ಮೆಟ್ರೋ ನಿಂತಾಗ ಕತ್ತಲಾಗುತ್ತಾ ಹೇಳಿ.

ಇಟ್ಟಿಗೆ_ಗೂಡು: ಇದು ಒಳ್ಳೆ ಪ್ರಶ್ನೆ. ರಿಮೋಟ್ ಸಿಗ್ನಲ್ ಹಿಡಿಯೋ 8884 ರಿಸೀವರಲ್ಲಿ ಕೆಂಪು ನೀಲಿ ಅಂತ ಎರಡು ಔಟ್‌ಪುಟ್ ಇದೆಯಲ್ಲ, ಮೋಟರ್ ಕೆಂಪಿಗೆ, ಲೈಟ್ ನೀಲಿಗೆ ಹಾಕಿದ್ರೆ ಆಯ್ತು. ರಿಮೋಟ್ ಮಾತ್ರ 8879 ಇರ್ಲಿ, ಅದರಲ್ಲಿ ತಿರುಗಿಸಿಟ್ಟಿದ್ದು ಹಾಗೇ ಇರುತ್ತೆ, 8885 ಆದ್ರೆ ಬೆರಳು ತೆಗೆದ ಕೂಡ್ಲೇ ಆಫ್.

ನೇರಳೆ_ಮಾರ್ಗ: 8879 ನನ್ನ ಹತ್ರ ಇದೆ! ಒಂದು ಡೌಟು, ಒಂದೊಂದು ಎಲ್‌ಇಡಿಗೂ ಬೇರೆ ರೆಸಿಸ್ಟರ್ ಹಾಕಿದ್ರೆ ಇನ್ನೂ ಸೇಫ್ ಅಲ್ವಾ?

ಬೆಸುಗೆ_ಮಂಜ: ಇಲ್ಲಿ ಅದು ಉಲ್ಟಾ ಸಾರ್. ಸಾಮಾನ್ಯ ಎಲ್‌ಇಡಿ ರಿವರ್ಸಲ್ಲಿ, ಅಂದ್ರೆ ಪ್ಲಸ್ ಮೈನಸ್ ಉಲ್ಟಾ ಆದಾಗ, 5 ವೋಲ್ಟ್ ತಡೆಯುತ್ತೆ ಅಷ್ಟೇ. ಬೆನ್ನಿಗೆ ಬೆನ್ನು ನೇರವಾಗಿ ಅಂಟಿದ್ರೆ ಹತ್ತಿರೋದು 2-3 ವೋಲ್ಟಿಗೆ ಹಿಡಿದಿಟ್ಟು ಆರಿರೋದನ್ನ ಕಾಪಾಡುತ್ತೆ, ಮಧ್ಯ ರೆಸಿಸ್ಟರ್ ತುರುಕಿದ್ರೆ ಆ ರಕ್ಷಣೆ ಹೋಗುತ್ತೆ. 3 ಎಂಎಂ ಎಲ್‌ಇಡಿನೇ ತಗೊಳ್ಳಿ, ಟೆಕ್ನಿಕ್ ಬ್ರಿಕ್ಕಿನ (ಪಕ್ಕದಲ್ಲಿ ತೂತಿರೋ ಲೆಗೋ ಇಟ್ಟಿಗೆ) ತೂತು 4.8 ಎಂಎಂ, 5ರದ್ದು ಬಿಗಿಯಾಗುತ್ತೆ. ಬೆಸುಗೆ ಹೊರಗಡೆ ಹಾಕಿ ಆರಿದ ಮೇಲೆ ಒಳಗೆ ಕೂರ್ಸಿ, ಲೆಗೋದ ಎಬಿಎಸ್ ಪ್ಲಾಸ್ಟಿಕ್ ಕಾವಿಗೆ ಬೇಗ ಮೆತ್ತಗಾಗುತ್ತೆ.

ಕೋಡ್_ಕಾವೇರಿ: ಹೆಡ್‌ಲೈಟಿಗೆ ಮಂಜ ಅವರದ್ದೇ ಸರಿ, ಒಪ್ಪಿದೆ. ಆದ್ರೆ ಒಳಗಡೆ ಬೋಗಿ ಲೈಟು, ಬಾಗಿಲ ಲೈಟು ಅಂತ ಮೂರನೇದು ಬಂದ್ರೆ ಎರಡು ಎಳೆಯಲ್ಲಿ ಆಗಲ್ಲ, ಆಗ ನನ್ನ ದಾರಿಗೇ ಬರ್ಬೇಕು.

ಬೆಸುಗೆ_ಮಂಜ: ಬಾಗಿಲಿಗೆ ಹೌದು. ಬೋಗಿ ಲೈಟಿಗೆ ಹೊರಗಿನ 0 ಮತ್ತು 9 ಎಳೆ ಖಾಲಿ ಇದೆಯಲ್ಲ, ಅದಕ್ಕೇ ಕಟ್ಟಿ, 330 ಓಮ್ ಹಾಕಿ, ಡಬ್ಬಿ ಆನ್ ಇರೋವರೆಗೂ ಉರೀತಿರುತ್ತೆ. ಸಾಮಾನೆಲ್ಲ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡಲ್ಲಿ ಸಿಗುತ್ತೆ, ಭಾನುವಾರ ಬಿಟ್ಟು ಹೋಗಿ.