ಸಹಾಯ ಬೇಕು: ಕನ್ನಡ ಕಾದಂಬರಿಗೆ ಬುಕ್ ಕೋಚ್ ಇದ್ದಾರಾ?

ನಮಸ್ಕಾರ್ರೀ ಎಲ್ಲರಿಗೂ. ನಾನು ಕೊಪ್ಪಳದವಳು. ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟ ಮನೆತನವೊಂದರ ಮೇಲೆ ಕಾದಂಬರಿ ಬರೆಯುತ್ತಿದ್ದೇನೆ. 1945ರಲ್ಲಿ ಕೆಲಸ ಶುರುವಾದಾಗ ನಮ್ಮ ದಂಡೆ ನಿಜಾಮರದು, ಹೊಸಪೇಟೆ ದಂಡೆ ಮದ್ರಾಸಿನದು. ಒಂದೇ ಹೊಳೆ, ಎರಡು ಸರ್ಕಾರ! ಇದನ್ನೆಲ್ಲ ಹೇಳುವ ಆಸೆಗೆ ನಡುಭಾಗದಲ್ಲಿ ಬರೀ ಮಾಹಿತಿ ತುಂಬಿದೆ. ಕಥೆ ನಡೆಸಬೇಕಾದ ಸೊಸೆ ಸುಮ್ನೆ ನಿಂತುಬಿಟ್ಟಿದ್ದಾಳೆ. ಅವಳಿಗೆ ಏನು ಬೇಕು ಅನ್ನೋದೇ ಓದುವವರಿಗೆ ತಿಳಿಯುವುದಿಲ್ಲ.

ಕಾಗುಣಿತ ತಿದ್ದುವವರು ಬೇಡ. ಒಂದೊಂದೇ ಅಧ್ಯಾಯ ಓದಿ, ಎಲ್ಲಿ ಕಥೆ ಸಡಿಲಾಗಿದೆ ಅಂತ ಹೇಳಿ, ಮತ್ತೆ ಬರೆಸುವವರು ಬೇಕು. ಸಂಭಾಷಣೆಯನ್ನೆಲ್ಲ ಬೆಂಗಳೂರು ಕನ್ನಡ ಮಾಡುವವರಂತೂ ಬ್ಯಾಡ್ರೀ. ಶುಲ್ಕ ಪುಟಕ್ಕೋ, ತಿಂಗಳಿಗೋ? ಮೊದಲು ಮಾದರಿ ಅಧ್ಯಾಯ ಕಳಿಸಬೇಕಾ? ಕೆಲಸ ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ.