ಪದಚರ್ಚೆ: ‘ಬಂಜೆ ಬೀಜ’ ಅಂದರೆ ಯಾವ ಬೀಜ?

ಪ್ರಶ್ನೆ: ಬಿಟಿ ಹತ್ತಿಯ ಬಗ್ಗೆ ಬಂದ ಲೇಖನವೊಂದನ್ನು ಅಚ್ಚಿಗೆ ಮುನ್ನ ತಿದ್ದುತ್ತಿದ್ದೇನೆ. ಕುಲಾಂತರಿ ಬೀಜ, ಹೈಬ್ರಿಡ್ ಬೀಜ, ಬಂಜೆ ಬೀಜ, ಪೇಟೆಂಟ್ ಬೀಜ ಎಂದು ಒಂದೇ ಪುಟದಲ್ಲಿ ನಾಲ್ಕು ಹೆಸರುಗಳಿವೆ. ಯಾವುದಾದರೂ ಒಂದನ್ನು ಉಳಿಸಿ ಉಳಿದವನ್ನು ಹೊಡೆದುಹಾಕಬಹುದೇ? ‘ಕಳೆನಿರೋಧಕ ಹತ್ತಿ’ ಎಂಬ ಪ್ರಯೋಗವೂ ಇದೆ. ಅದು ಸರಿಯೇ?

ಉತ್ತರ 1: ಒಂದನ್ನೇ ಉಳಿಸಿದರೆ ಲೇಖನವೇ ತಪ್ಪಾಗುತ್ತದೆ. ನಾಲ್ಕೂ ಬೇರೆ ಬೇರೆ. ‘ಕುಲಾಂತರಿ’ ಎಂದರೆ ಬೇರೆ ಜೀವಿಯ ವಂಶವಾಹಿ ಸೇರಿಸಿದ ಬೀಜ. ಬಿಟಿ ಹತ್ತಿ ಅಂಥದು; ಅದಕ್ಕೆ ಸೇರಿಸಿರುವುದು ಕಾಯಿಕೊರಕ ಹುಳುವನ್ನು ಕೊಲ್ಲುವ ವಿಷ ತಯಾರಿಸುವ ಒಂದು ಬ್ಯಾಕ್ಟೀರಿಯಾದ ವಂಶವಾಹಿ.

ಇನ್ನು ‘ಬಂಜೆ ಬೀಜ’. ಇದು ಬೆಳೆಯ ಕಾಳು ಮತ್ತೆ ಮೊಳೆಯದಂತೆ ಮಾಡುವ ‘ಟರ್ಮಿನೇಟರ್’ ತಂತ್ರಕ್ಕೆ ಅಂಟಿದ ಹೆಸರು. 1998ರ ಮಾರ್ಚಿನಲ್ಲಿ ಅಮೆರಿಕದ ಕೃಷಿ ಇಲಾಖೆ ಮತ್ತು ಡೆಲ್ಟಾ ಅಂಡ್ ಪೈನ್ ಲ್ಯಾಂಡ್ ಎಂಬ ಬೀಜ ಕಂಪನಿಗೆ ಜಂಟಿಯಾಗಿ ಅದರ ಪೇಟೆಂಟ್ ಸಿಕ್ಕಿತು. ಅದೇ ವರ್ಷದ ಕೊನೆಗೆ ರಾಯಚೂರು, ಬಳ್ಳಾರಿ ಕಡೆ ಬಿಟಿ ಹತ್ತಿಯ ಪ್ರಾಯೋಗಿಕ ತಾಕುಗಳನ್ನು ರೈತ ಸಂಘದವರು ಕಿತ್ತು ಸುಟ್ಟರು. ಎರಡು ಸುದ್ದಿಗಳೂ ಒಟ್ಟಿಗೆ ಬಂದದ್ದರಿಂದ ಪದಗಳೂ ಬೆರೆತುಹೋದವು. ಟರ್ಮಿನೇಟರ್ ಬೀಜ ಮಾತ್ರ ಎಲ್ಲಿಯೂ ಮಾರಾಟಕ್ಕೆ ಬರಲೇ ಇಲ್ಲ. ಬಂದಿದ್ದರೂ ಕೊಂಡು ತಂದ ಬೀಜ ಮೊಳೆಯುತ್ತಿತ್ತು, ಬೆಳೆಯೂ ಕೈಗೆ ಬರುತ್ತಿತ್ತು. ಆ ಬೆಳೆಯ ಕಾಳಿನಲ್ಲಿ ಭ್ರೂಣ ಸಾಯುತ್ತಿತ್ತು, ಆದ್ದರಿಂದ ಮರುಬಿತ್ತನೆ ಸಾಧ್ಯವಾಗುತ್ತಿರಲಿಲ್ಲ. ‘ಮರುಮೊಳೆಯದ ಬೀಜ’ ಎಂದರೆ ಹೆಚ್ಚು ಖಚಿತ. (‘ಬಂಜೆ’ ಪದವನ್ನು ಬಿಟ್ಟರೆ ಬೇರೆ ಕಾರಣಕ್ಕೂ ಒಳ್ಳೆಯದು.) ‘ಜೊಳ್ಳು’ ಬೇಡ. ಅದು ಒಳಗೆ ತಿರುಳಿಲ್ಲದ ಕಾಳು.

2002ರಲ್ಲಿ ಒಪ್ಪಿಗೆ ಪಡೆದು ಅಂಗಡಿಗೆ ಬಂದ ಬಿಟಿ ಹತ್ತಿಯ ಮಾತೇ ಬೇರೆ. ಅದರ ಬೀಜವನ್ನು ಎತ್ತಿಟ್ಟು ಬಿತ್ತಿದರೆ ಚೆನ್ನಾಗಿಯೇ ಮೊಳೆಯುತ್ತದೆ. ತೊಂದರೆ ಬರುವುದು ಅದು ಹೈಬ್ರಿಡ್ ಆಗಿರುವುದರಿಂದ. ಹೆಣ್ಣು ತಳಿಯಲ್ಲಿ ಮರುದಿನ ಅರಳುವ ಮೊಗ್ಗಿನ ಕೇಸರಗಳನ್ನು ಸಂಜೆ ತೆಗೆದು, ಬೆಳಿಗ್ಗೆ ಗಂಡು ತಳಿಯ ಹೂವಿನ ಪರಾಗ ಸವರಿ ಮಾಡಿದ ಬೀಜ ಅದು. ಬೀಜೋತ್ಪಾದನೆಯ ಊರುಗಳಲ್ಲಿ ಈ ಕೆಲಸಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಎರಡನೇ ಪೀಳಿಗೆಯಲ್ಲಿ ಎರಡೂ ತಳಿಗಳ ಗುಣಗಳು ಒಡೆದು ಹಂಚಿಹೋಗಿ, ಗಿಡದ ಎತ್ತರ, ಕಾಯಿಯ ಗಾತ್ರ, ಎಳೆಯ ಉದ್ದ ಒಂದೊಂದೂ ಒಂದೊಂದು ಥರ ಆಗುತ್ತವೆ. ಬಿಟಿ ವಂಶವಾಹಿ ಒಂದು ತಳಿಯಿಂದ ಮಾತ್ರ ಬಂದಿದ್ದರೆ ನಾಲ್ಕರಲ್ಲಿ ಸುಮಾರು ಒಂದು ಗಿಡಕ್ಕೆ ಅದು ಇರುವುದೇ ಇಲ್ಲ. ಕುಲಾಂತರಿಯಲ್ಲದ ವರಲಕ್ಷ್ಮಿ ಹತ್ತಿಯೂ ಹೈಬ್ರಿಡ್ಡೇ. ಅದರ ಬೀಜ ಎತ್ತಿಟ್ಟರೂ ಗುಣ ಒಡೆಯುವುದು ತಪ್ಪುತ್ತಿರಲಿಲ್ಲ. ಹಾಗಾಗಿ ‘ಪ್ರತಿವರ್ಷ ಕೊಳ್ಳಬೇಕಾದ ಬೀಜ’ ಎಂಬ ಅರ್ಥ ಬರುವ ಕಡೆ ‘ಹೈಬ್ರಿಡ್’ ಎಂದೇ ಇರಲಿ.

‘ಪೇಟೆಂಟ್ ಬೀಜ’ ಅಮೆರಿಕದ ಸೋಯಾಕ್ಕೆ ಸರಿಹೊಂದುತ್ತದೆ. ಸೋಯಾದಲ್ಲಿ ಸ್ವಪರಾಗಸ್ಪರ್ಶ (ತನ್ನದೇ ಪರಾಗದಿಂದ ಕಾಳು ಕಟ್ಟುವುದು), ಎತ್ತಿಟ್ಟ ಬೀಜವೂ ತಾಯಿಯಂತೆಯೇ ಬೆಳೆಯುತ್ತದೆ. ಕಂಪನಿಗೆ ಅಲ್ಲಿ ಕಾನೂನಿನ ಬೇಲಿಯೇ ಗತಿ. 2013ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಬೌಮನ್ ಎಂಬ ರೈತನ ಪ್ರಕರಣದಲ್ಲಿ ಬೀಜ ಕಂಪನಿ ಮಾನ್ಸಾಂಟೊ ಪರ ತೀರ್ಪು ಕೊಟ್ಟದ್ದು ಇಂಥ ಬೀಜದ ಮರುಬಿತ್ತನೆಯ ಬಗ್ಗೆಯೇ. ನಮ್ಮ ಪೇಟೆಂಟ್ ಕಾಯ್ದೆಯ 3(ಜೆ) ವಿಧಿಯ ಪ್ರಕಾರ ಗಿಡಕ್ಕೂ ಬೀಜಕ್ಕೂ ಪೇಟೆಂಟ್ ಇಲ್ಲ. ಇಲ್ಲಿ ಮಾನ್ಸಾಂಟೊಗೂ ನಮ್ಮ ನುಜಿವೀಡು ಬೀಜ ಕಂಪನಿಗೂ ವ್ಯಾಜ್ಯ ನಡೆದದ್ದು ಬೀಜದೊಳಗಿನ ವಂಶವಾಹಿಯ ಪೇಟೆಂಟಿನ ಮೇಲೆ; 2019ರ ಜನವರಿಯಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ವಿಚಾರಣೆಗೆ ಕಳಿಸಿತು. ನೋಂದಾಯಿತ ತಳಿಗೆ ಇರುವುದು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ‘ತಳಿ ಹಕ್ಕು’. ಅದೇ ಕಾಯ್ದೆಯ 39ನೇ ವಿಧಿ, ರೈತ ಬೀಜ ಎತ್ತಿಡಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು ಎನ್ನುತ್ತದೆ. ಬ್ರಾಂಡ್ ಹೆಸರಿನ ಪೊಟ್ಟಣದಲ್ಲಿ ಮಾತ್ರ ಮಾರುವಂತಿಲ್ಲ. ಭಾರತದ ಸಂದರ್ಭದಲ್ಲಿ ‘ಬೀಜದ ಪೇಟೆಂಟ್’ ಎಂದು ಬರೆದ ವಾಕ್ಯಗಳನ್ನು ಒಂದೊಂದಾಗಿ ನೋಡಿ ತಿದ್ದಿ.

ಉತ್ತರ 2: ‘ಕಳೆನಿರೋಧಕ ಹತ್ತಿ’ ತಪ್ಪು. ಹಾಗೆಂದರೆ ಕಳೆಯನ್ನೇ ಬೆಳೆಯಗೊಡದ ಹತ್ತಿ ಎಂದಾಗುತ್ತದೆ. ಹೊಲದಲ್ಲಿ ಕಳೆ ಎಂದಿನಂತೆ ಏಳುತ್ತದೆ. ಕಳೆನಾಶಕ ಹೊಡೆದಾಗ ಹತ್ತಿ ಉಳಿದು ಕಳೆ ಒಣಗುತ್ತದೆ, ಅಷ್ಟೆ. ‘ಕಳೆನಾಶಕ ತಾಳುವ ಹತ್ತಿ’ ಎನ್ನಿ. ಭಾರತದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿಲ್ಲ; ಓಡಾಡುತ್ತಿರುವುದು ಕಳ್ಳಬೀಜ.

ಕಳೆನಾಶಕಗಳಲ್ಲೂ ಭೇದವಿದೆ. ಗ್ಲೈಫೋಸೇಟ್ ಕಳೆ–ಬೆಳೆ ಎಂದು ನೋಡುವುದಿಲ್ಲ, ಹಸಿರೆಲೆಗೆ ಬಿದ್ದರೆ ಮುಗಿಯಿತು. ಅದು ತಡೆಯುವ ಕಿಣ್ವ ಎಲ್ಲ ಗಿಡಗಳಲ್ಲೂ ಇರುವುದರಿಂದ ಮಾಮೂಲಿ ಹತ್ತಿಯೂ ಸಾಯುತ್ತದೆ. ಕ್ವಿಜಾಲೊಫಾಪ್ ಹುಲ್ಲುಜಾತಿಯನ್ನು ಮಾತ್ರ ಕೊಲ್ಲುತ್ತದೆ. ಪೆಂಡಿಮೆಥಲಿನ್ ಕಳೆ ಮೊಳೆಯುವ ಮುನ್ನ ಹೊಡೆಯುವಂಥದು, ಎದ್ದ ಕಳೆಗೆ ಪ್ರಯೋಜನವಿಲ್ಲ. ಲೇಖನದಲ್ಲಿ ಮೂರಕ್ಕೂ ಬರೀ ‘ಕಳೆನಾಶಕ’ ಎಂದಿದ್ದರೆ ಓದಿದ ರೈತರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ: ‘ಬೆಳೆ ಮೇಲೆ ಬಿದ್ದರೆ ಏನಾಗುತ್ತೆ?’

‘ಕೀಟನಿರೋಧಕ ಬಿಟಿ’ಯನ್ನೂ ‘ಕಾಯಿಕೊರಕ ನಿರೋಧಕ’ ಎಂದು ತಿದ್ದಿ. ಜಿಗಿಹುಳು, ಬಿಳಿನೊಣಗಳಿಗೆ ಬಿಟಿ ಪ್ರೋಟೀನು ಏನೂ ಮಾಡದು. ಗುಲಾಬಿ ಕಾಯಿಕೊರಕವಂತೂ ಈಗ ಅದನ್ನೂ ಅರಗಿಸಿಕೊಳ್ಳುತ್ತಿದೆ.

ಪ್ರಶ್ನೆ ಕೇಳಿದವರು: ಧನ್ಯವಾದ. ಹಿಂದೆ 450 ಗ್ರಾಂ ಬಿಟಿ ಬೀಜದ ಜೊತೆ ಕೊಡುತ್ತಿದ್ದ 120 ಗ್ರಾಂ ಪೊಟ್ಟಣವನ್ನು ಲೇಖಕರು ‘ಉಚಿತ ಬೀಜ’ ಎಂದಿದ್ದಾರೆ. ಅದಕ್ಕೇನು ಹೇಳುವುದು?

ಉತ್ತರ 2: ‘ಆಶ್ರಯ ಬೆಳೆಯ ಬೀಜ’. ಬಿಟಿ ಅಲ್ಲದ ಅದನ್ನು ಹೊಲದ ಸುತ್ತ ಸಾಲು ಹಾಕಬೇಕಿತ್ತು. ಅಲ್ಲಿ ಬಿಟಿ ವಿಷ ತಾಕದೆ ಬೆಳೆದ ಕಾಯಿಕೊರಕದ ಪತಂಗಗಳು, ವಿಷ ತಾಳಿ ಉಳಿದ ಪತಂಗಗಳೊಡನೆ ಕೂಡಿದರೆ ತಾಳುವ ಗುಣ ಹಬ್ಬುವುದು ನಿಧಾನವಾಗುತ್ತದೆ. ‘ಉಚಿತ’ ಎಂದು ಅಚ್ಚಾದರೆ ಓದಿದವರು ಅದು ಬೀಜ ಹುಟ್ಟದ ಗುಣಿಗೆ ಊರಲು, ಇಲ್ಲವೇ ಎಸೆಯಲು ಇದ್ದ ಬೀಜ ಎಂದುಕೊಳ್ಳುತ್ತಾರೆ.